ಹಿತ್ತಲಲ್ಲೊಂದು ನೀಲಿ ಕೊಳ, ಇಳಿಯುವವರೇ ಇಲ್ಲ!

ಖಳನಾಯಕ ರೇಷ್ಮೆ ಗೌನು ತೊಟ್ಟು, ಕೈಯಲ್ಲಿ ಗ್ಲಾಸು ಹಿಡಿದು ನಿಂತಿರುತ್ತಾನೆ. ಅವನ ಬೆನ್ನ ಹಿಂದೆ ನೀಲಿ ಈಜುಕೊಳ. ನಾಯಕ ಬಂದವನೇ ಒಂದು ಗುದ್ದು... ದೊಪ್ಪನೆ ನೀರಿಗೆ! ಟೆಂಟಿನಲ್ಲಿ ಕೂತು ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಪಿಯುಸಿಗೆ ಅರ್ಧದಲ್ಲೇ ಕೈಮುಗಿದು, ಪೆನ್ನು ಹಿಡಿದು ಗಾಂಧಿನಗರದ ಗಲ್ಲಿ ಸುತ್ತತೊಡಗಿದ ಮೇಲೂ ನನ್ನ ತಲೆಯಲ್ಲಿ ಸಿರಿತನ ಎಂದರೆ ಒಂದೇ ಚಿತ್ರ: ದೊಡ್ಡ ಮನೆ, ಅದರ ಹಿತ್ತಲಲ್ಲಿ ಕೊಳ.

ಅಂಥ ಕೊಳಗಳ ತವರೂರನ್ನೇ ನೋಡಿಬಂದೆ ಎಂದರೆ ನಂಬುತ್ತೀರಾ? ಅಕ್ಕ ಇರುವುದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ. 2023ರ ಜುಲೈನಲ್ಲಿ ಅವಳ ಎರಡನೇ ಬಾಣಂತನ. ಅಮ್ಮ ಒಬ್ಬಳೇ ವಿಮಾನ ಹತ್ತಲು ಒಪ್ಪಲಿಲ್ಲ. ಮೂಟೆ ಹೊರಲು ಒಬ್ಬ ಬೇಕಿತ್ತು. ಕೆಲಸ ಕಾರ್ಯವಿಲ್ಲದವನು ಮನೆಯಲ್ಲಿ ನಾನಲ್ಲದೆ ಮತ್ಯಾರು? ಭಾವನೇ ಟಿಕೆಟ್ ಕಳಿಸಿದರು.

ವಿಮಾನ ಇಳಿಯುವಾಗ ಕಿಟಕಿಯಿಂದ ಬಗ್ಗಿ ನೋಡಿದೆ. ಕಂದು ಬಣ್ಣದ ಒಣ ನೆಲ. ಸಾಲು ಸಾಲು ಮನೆ. ಒಂದೊಂದರ ಹಿಂದೆಯೂ ಯಾರೋ ಇಂಕು ಚೆಲ್ಲಿದ ಹಾಗೆ ನೀಲಿ ಚುಕ್ಕಿ! ಬೆನೆಡಿಕ್ಟ್ ಗ್ರೋಸ್ ಮತ್ತು ಜೋಸೆಫ್ ಲೀ ಎಂಬಿಬ್ಬರು ಆಕಾಶದಿಂದ ತೆಗೆದ ಫೋಟೋ ಇಟ್ಟುಕೊಂಡು ಈ ಚುಕ್ಕಿಗಳನ್ನು ಎಣಿಸಿ, 2013ರಲ್ಲಿ ಲೆಕ್ಕ ಒಪ್ಪಿಸಿದರು. 43,123 ಕೊಳ! ಫೋಟೋದ ಮೇಲೆ ಕೊಳಗಳ ಅಂಚು ಗೀರಿದವರು ಯಾರು ಗೊತ್ತೇ? ನಮ್ಮ ಭಾರತದ ಕೆಲಸಗಾರರು. ಅವರಲ್ಲಿ ಎಷ್ಟು ಜನಕ್ಕೆ ಈಜು ಬರುತ್ತಿತ್ತೋ!

ಅಮೆರಿಕದಲ್ಲಿ ಇದನ್ನೂ ಮೀರಿಸಿದ ಊರಿದೆ. ಮರಳುಗಾಡಿನ ಫೀನಿಕ್ಸ್‌ನಲ್ಲಿ ಹೆಚ್ಚುಕಡಿಮೆ ಮೂರು ಮನೆಗೊಂದು ಕೊಳ. ನಾನಿದ್ದ ಆ ಜುಲೈನಲ್ಲೇ ಅಲ್ಲಿ 31 ದಿನ ಒಂದೇ ಸಮನೆ 43 ಡಿಗ್ರಿ ದಾಟಿದ ಸೆಕೆ. ಅಂಥ ಊರಲ್ಲಿ ಕೊಳ ಬೇಕು, ಒಪ್ಪೋಣ. ಆದರೆ ಕೊಳದ ಹುಚ್ಚು ಹಿಡಿಸಿದ್ದು ಸೆಕೆಯೊಂದೇ ಅಲ್ಲ, ಸಿನಿಮಾ ಕೂಡ!

ತಾರೆಯರು ತೋಡಿಸಿದ ಕೊಳ

ಮೂಕಿ ಚಿತ್ರಗಳ ರಾಜ ಡಗ್ಲಸ್ ಫೇರ್‌ಬ್ಯಾಂಕ್ಸ್, ರಾಣಿ ಮೇರಿ ಪಿಕ್‌ಫೋರ್ಡ್. ಬೆವರ್ಲಿ ಹಿಲ್ಸ್‌ನಲ್ಲಿದ್ದ ಇವರ ಮನೆಯ ಹೆಸರು ಪಿಕ್‌ಫೇರ್. ಆ ಊರಿನ ಮೊದಮೊದಲ ಈಜುಕೊಳಗಳಲ್ಲಿ ಅವರದೂ ಒಂದು. ಗಂಡ ಹೆಂಡತಿ ಅದರಲ್ಲಿ ದೋಣಿ ಬಿಟ್ಟುಕೊಂಡು ಕೂತ ಫೋಟೋ ಲೋಕಪ್ರಸಿದ್ಧ. ತಾರೆಯರು ತೋಡಿಸಿದರು, ಜನ ನೋಡಿದರು, ತಮಗೂ ಬೇಕೆಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೊಳವೆಯಿಂದ ಕಾಂಕ್ರೀಟು ಎರಚಿ ಕೊಳ ಕಟ್ಟುವ ವಿಧಾನ ಎಲ್ಲೆಡೆ ಹಬ್ಬಿ ಖರ್ಚು ಇಳಿಯಿತು. ಗುಮಾಸ್ತನ ಹಿತ್ತಲಿಗೂ ನೀಲಿ ಬಂತು.

ಒಂದು ಭಾನುವಾರ ಭಾವನ ಕಾರಲ್ಲಿ ಪಿಕ್‌ಫೇರ್ ನೋಡಲು ಹೋದೆ. ನೋಡುವುದೇನು? ಹಳೆಯ ಮನೆಯನ್ನು 1990ರಲ್ಲೇ ಕೆಡವಿಬಿಟ್ಟಿದ್ದಾರೆ. ಗೇಟಿನಾಚೆ ಏನೂ ಕಾಣಲಿಲ್ಲ. ‘ಏನಪ್ಪಾ ಪತ್ರಕರ್ತ, ಗೇಟಿನ ಸಂದರ್ಶನ ಆಯ್ತಾ?’ ಎಂದು ಭಾವ ಕಿಚಾಯಿಸಿದರು.

ಇನ್ನೊಂದು ಕೊಳ ಬಿಲ್ಲಿ ವೈಲ್ಡರನ 1950ರ ‘ಸನ್‌ಸೆಟ್ ಬುಲೆವಾರ್ಡ್’ ಚಿತ್ರದ್ದು. ಮುದಿ ತಾರೆಯ ಬಂಗಲೆ. ಅದರ ಕೊಳದಲ್ಲಿ ವಿಲಿಯಂ ಹೋಲ್ಡನ್ ಹೆಣವಾಗಿ ತೇಲುತ್ತಾನೆ. ಆ ಹೆಣವೇ ನಮಗೆ ಕಥೆ ಹೇಳುತ್ತದೆ! ನೀರಿನಡಿಯಿಂದ ಮೇಲೆ ನೋಡಿದಂತಿರುವ ಆ ಶಾಟು ತೆಗೆದದ್ದು ಹೇಗೆ? ಕೊಳದ ತಳದಲ್ಲಿ ಕನ್ನಡಿ ಇಟ್ಟು, ಅದರೊಳಗಿನ ಬಿಂಬವನ್ನು ಮೇಲಿನಿಂದ ತೆಗೆದರು. ಆ ಕೊಳವೂ ಚಿತ್ರಕ್ಕಾಗಿಯೇ ತೋಡಿದ್ದು. ಅದನ್ನೇ ಬರಿದು ಮಾಡಿ 1955ರಲ್ಲಿ ಜೇಮ್ಸ್ ಡೀನ್‌ನ ‘ರೆಬೆಲ್ ವಿದೌಟ್ ಎ ಕಾಸ್’ಗೂ ಬಳಸಿದರು. 1957ರಲ್ಲಿ ಬಂಗಲೆ ನೆಲಸಮ.

ನೀರು ಬಂದ ದಾರಿ

ಲಾಸ್ ಏಂಜಲೀಸಿಗೆ ಸ್ವಂತ ನೀರು ಸಾಲದು. ಮಲ್‌ಹಾಲಂಡ್ ಎಂಬ ಇಂಜಿನಿಯರ್ ಓವೆನ್ಸ್ ಕಣಿವೆಯಿಂದ 1913ರಲ್ಲಿ 375 ಕಿಲೋಮೀಟರ್ ಉದ್ದದ ಕಾಲುವೆ ತಂದ. ನಗರ ಹಸಿರಾಯಿತು, ಆ ಕಣಿವೆಯ ಕೆರೆ ಬತ್ತಿತು. 1974ರ ‘ಚೈನಾಟೌನ್’ ಚಿತ್ರಕ್ಕೆ ಈ ಜಗಳವೇ ಪ್ರೇರಣೆ. ಅದರಲ್ಲಿ ಕೊಲೆಯ ಗುಟ್ಟು ಸಿಗುವುದೂ ಒಂದು ಮನೆಯ ಹಿತ್ತಲ ಕೊಳದಲ್ಲೇ!

ಒಂದು ಸಾಧಾರಣ ಕೊಳಕ್ಕೆ ಸುಮಾರು 75,000 ಲೀಟರ್ ನೀರು ಬೇಕು. ನಮ್ಮ 12,000 ಲೀಟರಿನ ಟ್ಯಾಂಕರ್ ಆರು ಸಲ ಬಂದು ಸುರಿದರೂ ತುಂಬುವುದಿಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರು ಬಾಯಾರಿ ಕೂತಾಗ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಿಡಬಾರದೆಂದು ಆಜ್ಞೆ ಮಾಡಿ 5,000 ರೂಪಾಯಿ ದಂಡ ಇಟ್ಟಿತು. ಆಗ ನನಗೆ ಆ ನೀಲಿ ಚುಕ್ಕಿಗಳೇ ನೆನಪಾದವು. ಆ ಇಬ್ಬರ ಎಣಿಕೆಯಲ್ಲಿ ಬೆವರ್ಲಿ ಹಿಲ್ಸ್ ಒಂದರಲ್ಲೇ ಎರಡು ಸಾವಿರಕ್ಕೂ ಮೇಲೆ ಕೊಳ. ಬಡವರ ಬಡಾವಣೆ ವಾಟ್ಸ್‌ನಲ್ಲಿ? ಸೊನ್ನೆ. ಸೂರ್ಯ ಮಾತ್ರ ಎರಡು ಕಡೆಗೂ ಒಬ್ಬನೇ!

ಬರಗಾಲದಲ್ಲಿ ಮಜಾ ಮಾಡಿದವರು ಹುಡುಗರು. 1976-77ರಲ್ಲಿ ಕೊಳಗಳು ಬರಿದಾದಾಗ ಅವರು ಬೇಲಿ ಹಾರಿ ಒಳಗಿಳಿದು, ಚಕ್ರದ ಹಲಗೆಯ ಮೇಲೆ ನಿಂತು ಕೊಳದ ಗೋಡೆಗಳನ್ನೇ ಹತ್ತಿದರು. ಪೊಲೀಸ್ ಬಂದರೆ ಓಟ! 2005ರ ‘ಲಾರ್ಡ್ಸ್ ಆಫ್ ಡಾಗ್‌ಟೌನ್’ ಅವರ ಕಥೆಯೇ.

ಅಕ್ಕನ ಹಿತ್ತಲು

ಅಕ್ಕನದು ಬಾಡಿಗೆ ಮನೆ. ಹಿತ್ತಲಲ್ಲಿ ಕೊಳ ಉಂಟು. ನಾನಿದ್ದ ಆರು ವಾರದಲ್ಲಿ ಅದಕ್ಕೆ ಇಳಿದವರು ಯಾರು ಅಂತೀರಿ? ವಾರಕ್ಕೊಮ್ಮೆ ಬಂದು ಎಲೆ ಬಾಚಿ ಕ್ಲೋರಿನ್ ಹಾಕುವ ಆಳಿನ ಬಲೆ ಮಾತ್ರ. ಭಾವನಿಗೆ ಪುರುಸೊತ್ತಿಲ್ಲ. ಅಕ್ಕ ಬಾಣಂತಿ. ನನಗೆ ಈಜೇ ಬಾರದು. ಅಮ್ಮನಂತೂ ಮೊದಲ ದಿನವೇ ಹೇಳಿದಳು: ‘ಮಕ್ಕಳಿರೋ ಮನೇಲಿ ಕಟ್ಟೆ ಇಲ್ಲದ ಬಾವಿ ಯಾಕ್ರೋ?’

ಕೊಳದ ಸುತ್ತ ಬಲೆಯ ಬೇಲಿ, ತಾನಾಗಿಯೇ ಮುಚ್ಚಿಕೊಳ್ಳುವ ಗೇಟು ಇತ್ತು. ಒಂದು ಮಧ್ಯಾಹ್ನ ಊರಿನ ಗೆಳೆಯರಿಗೆ ಕಳಿಸಲು ನನ್ನದೊಂದು ಹೀರೋ ಫೋಟೋ ಬೇಕೆನಿಸಿತು. ಬೇಲಿ ಫೋಟೋದಲ್ಲಿ ಬರಬಾರದೆಂದು ಗೇಟು ತೆರೆದು ಕುರ್ಚಿ ಅಡ್ಡ ಇಟ್ಟೆ. ಕಪ್ಪು ಕನ್ನಡಕ, ಸೊಂಟದ ಮೇಲೆ ಕೈ... ಫೋಟೋ ಆಯಿತು. ಭಾವನಿಗೆ ತೋರಿಸಲು ಒಳಗೆ ಓಡಿದೆ. ಕುರ್ಚಿ ಅಲ್ಲೇ ಉಳಿಯಿತು.

ಹಿಂದೆಯೇ ಅಮ್ಮನ ಕೂಗು. ಓಡಿ ಬಂದೆ. ಅಕ್ಕನ ಮೂರು ವರ್ಷದ ಮಗ ಕೊಳದ ಅಂಚಿನಲ್ಲಿ ಬಗ್ಗಿ ತೇಲುತ್ತಿದ್ದ ಚೆಂಡಿಗೆ ಕೈ ಚಾಚಿದ್ದ. ಅವನ ಅಂಗಿಯ ಬೆನ್ನು ಅಮ್ಮನ ಮುಷ್ಟಿಯಲ್ಲಿತ್ತು. ಅವಳು ನನ್ನನ್ನು ಬೈಯಲಿಲ್ಲ. ಕುರ್ಚಿ ಎತ್ತಿಟ್ಟಳು, ಗೇಟು ಮುಚ್ಚಿದಳು. ಮರುದಿನ ಭಾವನಿಂದ ಬೀಗ ತರಿಸಿದಳು. ನಾವು ಹೊರಡುವ ದಿನದವರೆಗೂ ಬೀಗದ ಕೈ ಅವಳ ಸೆರಗಿನ ಗಂಟಿನಲ್ಲಿತ್ತು.

ಆಮೇಲೆ ತಿಳಿಯಿತು: ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳು ಸಾಯುವ ಕಾರಣಗಳಲ್ಲಿ ಮೊದಲನೆಯದೇ ನೀರಿನಲ್ಲಿ ಮುಳುಗುವುದು. ಆ ಚೆಂದದ ನೀಲಿಯೊಳಗೆ ಇದೂ ಸೇರಿದೆ.

ಆ ಫೋಟೋ ಯಾರಿಗೂ ಕಳಿಸಲಿಲ್ಲ. ಊರಿಗೆ ಬಂದವನೇ ಬೆಳಿಗ್ಗೆ ಆರಕ್ಕೆದ್ದು ಸಾರ್ವಜನಿಕ ಈಜುಕೊಳಕ್ಕೆ ಸೇರಿದೆ. ಹತ್ತು ವರ್ಷದ ಪೋರರ ಜೊತೆ ಕಾಲು ಬಡಿದು ಕಲಿತೆ, ನಾಚಿಕೆಯೇನಿಲ್ಲ. ಚಿತ್ರರಸಿಕರೇ, ನೀವೂ ಕಲಿಯಿರಿ.

ಈಗಲೂ ಪರದೆಯ ಮೇಲೆ ಖಳನಾಯಕ ದೊಪ್ಪನೆ ಬಿದ್ದರೆ ಶಿಳ್ಳೆ ಹೊಡೆಯುತ್ತೇನೆ. ಆದರೆ ಕಣ್ಣು ಮೊದಲು ಹುಡುಕುವುದು ಕೊಳದ ಗೇಟನ್ನು!