ಅಂಕೆಗಳ ಕಂಠಾಭರಣ

ಸಿಂಧನೂರಿನಲ್ಲಿ ಬತ್ತದ ಚೀಲಗಳನ್ನು ಎಣಿಸುತ್ತಾರೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನವನ್ನು ತೂಗುತ್ತಾರೆ. ಇಂತಹ ಸೀಮೆಯಲ್ಲಿ ಲೆಕ್ಕಕ್ಕೆ ಅಂಜುವ ಮಕ್ಕಳಿರಲಾರರೆಂದು ಹೊರಗಿನವರು ಭಾವಿಸಿಯಾರು. ಅಲ್ಲಿಯೂ ಇದ್ದಾರೆ. ಹತ್ತನೆಯ ತರಗತಿಯನ್ನು ಹೇಗೋ ದಾಟಿದ ಮಗಳನ್ನು ಲಿಂಗಸುಗೂರಿನ ಸೋದರತ್ತೆಯ ಮನೆಯಲ್ಲಿರಿಸಿ, ಗಣಿತದ ಸೋಂಕಿಲ್ಲದ ವ್ಯಾಸಂಗಕ್ಕೆ ಸೇರಿಸಬೇಕೆಂದು ಸಿಂಧನೂರಿನ ಗುಮಾಸ್ತನೊಬ್ಬ ಬಸ್ಸು ಹತ್ತಿದ್ದ. ಮಸ್ಕಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಬಂದು ಅವರ ಬಳಿ ಕುಳಿತರು.

ಮಸ್ಕಿಯೆಂದೊಡನೆ ಅಶೋಕನ ನೆನಪು ಸಹಜ. ೧೯೧೫ರಲ್ಲಿ ಚಿನ್ನವನ್ನರಸಿ ಬಂದ ಬೀಡನ್ ಎಂಬ ಗಣಿ ಇಂಜಿನಿಯರನಿಗೆ ಅಲ್ಲಿ ದೊರೆತದ್ದು ಅಶೋಕನ ಹೆಸರನ್ನೇ ಹೊತ್ತ ಬಂಡೆಗಲ್ಲು. ಅದರ ಒಡಹುಟ್ಟೆನ್ನಬಹುದಾದ ಬ್ರಹ್ಮಗಿರಿಯ ಶಾಸನದಲ್ಲಿ ೨೫೬ ಎಂಬ ಸಂಖ್ಯೆಯಿದೆ. ಆದರೆ ಇನ್ನೂರಕ್ಕೊಂದು ಗುರುತು, ಐವತ್ತಕ್ಕೆ ಬೇರೊಂದು, ಆರಕ್ಕೆ ಮತ್ತೊಂದು! ಸ್ಥಾನಬೆಲೆಯಿಲ್ಲದ ಆ ಬರಹದಲ್ಲಿ ಅಂಕೆಗಳನ್ನು ಹಾರವಾಗಿ ಪೋಣಿಸುವ ಮಾತೆಲ್ಲಿಯದು?

ಪೋಣಿಸಿದವರು ಒಂಬತ್ತನೆಯ ಶತಮಾನದಲ್ಲಿ, ಮಳಖೇಡದಿಂದ ಆಳಿದ ನೃಪತುಂಗನ ಕಾಲದ ಮಹಾವೀರಾಚಾರ್ಯರು. ಅವರ ‘ಗಣಿತಸಾರಸಂಗ್ರಹ’ದಲ್ಲಿ ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ದೊರೆಯುತ್ತದೆ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕ ಈ ಸಂಖ್ಯೆ ಎಡದಿಂದಲೂ ಬಲದಿಂದಲೂ ಒಂದೇ. ಇಂತಹ ಲಬ್ಧಗಳನ್ನು ಆಚಾರ್ಯರು ಕೊರಳಿನ ಆಭರಣಕ್ಕೆ ಹೋಲಿಸಿದರು. ಇದರ ಅಂಕೆಗಳ ಮೊತ್ತ ೩೬. ೩, ೭, ೧೧, ೧೩, ೩೭ ಈ ಐದು ಅವಿಭಾಜ್ಯಗಳು ಎರಡೆರಡು ಸಲ ಸೇರಿ ಇದನ್ನು ಕಟ್ಟಿವೆ. ಎಂದರೆ ಇದೊಂದು ಪೂರ್ಣವರ್ಗ, ೧೧೧೧೧೧ರ ವರ್ಗ.

ಮಾಸ್ತರರು ಇದಾವುದನ್ನೂ ಹೇಳಲಿಲ್ಲ. ವೃತ್ತಪತ್ರಿಕೆಯ ಅಂಚನ್ನು ಮುಂದೆ ಚಾಚಿ, “ಆರು ಒಂದು ಬರಿಯವ್ವಾ. ಅದನ್ನ ಅದರಿಂದನ ಗುಣಿಸು” ಎಂದರು.

“ನನಗ ಗುಣಾಕಾರ ಬರಂಗಿಲ್ಲರೀ.”

“ಒಂದರ ಮಗ್ಗಿ ಬರ್ತದಲ್ಲ? ಅಷ್ಟ ಸಾಕು.”

ಒಂದರ ಮಗ್ಗಿ ಯಾರಿಗೆ ಬಾರದು? ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿದು ಆರು ಸಾಲುಗಳು ಮೆಟ್ಟಿಲಿನಂತೆ ನಿಂತವು. ಕೂಡಿದಾಗ ಒಂದು, ಎರಡು, ಮೂರು ಎಂದು ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯಿತು. ಹುಡುಗಿ ಯಾರೂ ಹೇಳದೆಯೇ ಏಳು ಒಂದುಗಳನ್ನಿಟ್ಟಳು. ಎಂಟು, ಒಂಬತ್ತು, ಆಮೇಲೆ ಹತ್ತು.

ಹತ್ತರಲ್ಲಿ ಹಾರ ಹರಿಯಿತು: ೧೨೩೪೫೬೭೯೦೦೯೮೭೬೫೪೩೨೧. ತಪ್ಪಿದೆನೆಂದು ಆಕೆಯ ಮುಖ ಸಣ್ಣದಾಯಿತು. “ತಪ್ಪಿಲ್ಲ, ಮತ್ತೊಮ್ಮೆ ನೋಡು” ಎಂದರು ಮಾಸ್ತರರು. ನೋಡಿದಳು. ನಡುವಿನ ಹತ್ತು ತನ್ನೆಡೆಯಲ್ಲಿ ಸೊನ್ನೆಯನ್ನುಳಿಸಿ ಒಂದನ್ನು ಎಡಕ್ಕೆ ದಾಟಿಸಿತ್ತು. ಅಲ್ಲಿಯ ಒಂಬತ್ತೂ ಹತ್ತಾಗಿ ಹಾಗೆಯೇ ಮಾಡಿತ್ತು. ಅದರಾಚೆಯ ಎಂಟು ಒಂಬತ್ತಾಗಿತ್ತು. ಹೀಗೆ ಎಡಗಡೆ ಉಳಿದ, ಎಂಟಿಲ್ಲದ ೧೨೩೪೫೬೭೯ನ್ನು ಒಂಬತ್ತರಿಂದ ಗುಣಿಸಿ, ಬರಿಯ ಒಂದುಗಳ ಮತ್ತೊಂದು ಹಾರವನ್ನು ಆಚಾರ್ಯರು ಕಟ್ಟಿದ್ದಾರೆ. ಮಾಸ್ತರರು ಅದನ್ನೂ ಮಾಡಿಸಿದರು.

ಲಿಂಗಸುಗೂರು ಬಂದಾಗ ಪತ್ರಿಕೆಯಲ್ಲಿ ಬಿಳಿಯ ಅಂಚೇ ಉಳಿದಿರಲಿಲ್ಲ. ತಂದೆಯ ಕೈಯ ಅರ್ಜಿಯಲ್ಲಿ ವಿಷಯದ ಕಲಮು ಶಾಯಿಯಲ್ಲಿ ತುಂಬಿತ್ತು. ಅದನ್ನು ಹೊಡೆದು ಹಾಕಿ ಬೇರೆ ಬರೆದರೆ ಕಾಲೇಜಿನವರು ಒಪ್ಪುವರೇ ಎಂದು ಅವನು ಮಾಸ್ತರರನ್ನು ಮೆಲ್ಲಗೆ ಕೇಳಿದ.