ಅಕ್ಕಿ ಪುಸ್ತಕ, ಕೆಂಪು ಪುಸ್ತಕ

ಬುವೋನ್ ಮಾ ಥುವೋತ್ ಪಟ್ಟಣದ ರಸ್ತೆ ಬದಿಯಲ್ಲಿ ಮೊಣಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದೆ. ಬೆಳಗಿನ ಆರೂವರೆ ಗಂಟೆ. ಎದುರಿಗಿದ್ದ ಗಾಜಿನ ಲೋಟದ ಮೇಲೆ ಅಂಗೈಯಗಲದ ಅಲ್ಯೂಮಿನಿಯಂ ಫಿಲ್ಟರ್. ಅದನ್ನು ಅಲ್ಲಿನವರು ಫಿನ್ ಎನ್ನುತ್ತಾರೆ. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿದು, ತಳದಲ್ಲಿದ್ದ ಗಟ್ಟಿ ಸಿಹಿಹಾಲಿನ ಮೇಲೆ ಕಪ್ಪಗೆ ನಿಲ್ಲುತ್ತಿತ್ತು. ಪಕ್ಕದಲ್ಲಿದ್ದ ಅರವತ್ತರ ಆಸುಪಾಸಿನ ಬೆಳೆಗಾರರು ಜೇಬಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ಲಂಡನ್ ಮಾರುಕಟ್ಟೆಯ ರೋಬಸ್ಟಾ ದರ, ಟನ್ನಿಗೆ ಇಷ್ಟು ಡಾಲರ್ ಎಂದು. ಅದರ ಕೆಳಗೆ ಅವರ ಊರಿನ ದರ, ಕಿಲೋಗೆ ಇಷ್ಟು ಸಾವಿರ ದೋಂಗ್ ಎಂದು. ಅವರ ಚಪ್ಪಲಿಗೆ, ಉಗುರಿನ ಸಂದಿಗೆ, ಪ್ಯಾಂಟಿನ ಅಂಚಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಲಂಡನ್ನಿನ ಲೆಕ್ಕ ಓದಿ ಮುಗಿಸಿಯೇ ಅವರು ತೋಟಕ್ಕೆ ಹೊರಡುವುದಂತೆ.

ನಾನು ಸಕಲೇಶಪುರ ಕಡೆಯ ಸಣ್ಣ ಕಾಫಿ ತೋಟದ ಮನೆಯವನು. ವಿಯೆಟ್ನಾಂ ಎಂಬ ಹೆಸರನ್ನು ಮೊದಲು ಕೇಳಿದ್ದು ಯುದ್ಧದ ಸುದ್ದಿಯಲ್ಲಿ, ಆಮೇಲೆ ಕೇಳಿದ್ದು ಅಪ್ಪನ ನಿಟ್ಟುಸಿರಿನಲ್ಲಿ. 2001ರ ಸುಮಾರಿಗೆ ರೋಬಸ್ಟಾ ಬೆಲೆ ನೆಲಕಚ್ಚಿತ್ತು. ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಕಣದಲ್ಲಿ ಒಣಗುತ್ತಿದ್ದ ಚೆರ್ರಿಯನ್ನು ಕಾಲಿನಿಂದ ಸವರುತ್ತಾ ಅಪ್ಪ, "ವಿಯೆಟ್ನಾಂನೋರು ಸುರಿದುಬಿಟ್ರು ಕಣೋ" ಎಂದಿದ್ದರು. 2017ರಲ್ಲಿ ಕಾಳುಮೆಣಸಿನ ಬೆಲೆ ಬಿದ್ದಾಗಲೂ ಅದೇ ಹೆಸರು: ಶ್ರೀಲಂಕಾ ಸುತ್ತಿಕೊಂಡು ಬರುವ ವಿಯೆಟ್ನಾಂ ಮೆಣಸು. ನಮ್ಮ ಮನೆಯ ಜಮಾಖರ್ಚನ್ನು ಇಷ್ಟು ದೂರದಿಂದ ಅಲ್ಲಾಡಿಸುವ ಆ ನೆಲವನ್ನು ಕಣ್ಣಾರೆ ನೋಡಬೇಕೆಂಬ ಹಟ ಅಂದಿನಿಂದಲೇ ಇತ್ತು. ಅದು ಈಡೇರಿದ್ದು ಈ ಡಿಸೆಂಬರಿನಲ್ಲಿ.

ಆ ಬೆಳೆಗಾರರ ತೋಟಕ್ಕೆ ಹೋದಾಗ ಮೊದಲು ಬೆರಗಾಗಿದ್ದು ಬಿಸಿಲಿಗೆ. ನೆರಳೇ ಇಲ್ಲ! ಸಿಲ್ವರ್ ಓಕ್ ಇಲ್ಲ, ಅತ್ತಿ ಇಲ್ಲ, ಹಲಸಿಲ್ಲ. ಬಯಲಿನಲ್ಲಿ ಜೋಳ ಬೆಳೆದಂತೆ ಕಾಫಿ ಬೆಳೆದಿದ್ದಾರೆ. ಪ್ರತಿ ಗಿಡದ ಬುಡದಲ್ಲೂ ಬಾಂಡಲಿಯಂತೆ ಅಗೆದ ಪಾತಿ. ಬೇಸಿಗೆಯಲ್ಲಿ ಪೈಪ್ ಹಿಡಿದು ಅದರ ತುಂಬಾ ನೀರು ತುಂಬುತ್ತಾರಂತೆ. ಹೂಮಳೆಗೆ ಆಕಾಶ ನೋಡುತ್ತಾ ಕೂರುವ ಪಾಡು ಅವರಿಗಿಲ್ಲ. ಮೆಣಸಿನ ಬಳ್ಳಿ ಹಬ್ಬಿರುವುದು ಕಾಂಕ್ರೀಟ್ ಕಂಬಕ್ಕೆ. ಟಾರ್ಪಾಲಿನ ಮೇಲೆ ಸುರಿಯುತ್ತಿದ್ದ ಹಣ್ಣಿನ ರಾಶಿಯನ್ನು ಕಂಡು ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಹೆಕ್ಟೇರಿಗೆ ಎರಡೂವರೆ ಟನ್ನಿನ ಆಸುಪಾಸು ಇಳುವರಿ. ನಮ್ಮ ಕಡೆ ರೋಬಸ್ಟಾ ಸರಾಸರಿ ಒಂದು ಟನ್ನಿನ ಹತ್ತಿರ ಸುಳಿದಾಡುತ್ತದೆ. ಗಿಡಗಳ ನಡುವೆ ಮರವೆಂದರೆ ಅಲ್ಲಲ್ಲಿ ಎತ್ತರಕ್ಕೆ ಬೆಳೆದ ದುರಿಯಾನ್ ಮಾತ್ರ. 2022ರಲ್ಲಿ ಚೀನಾ ತನ್ನ ಮಾರುಕಟ್ಟೆಗೆ ಈ ಹಣ್ಣನ್ನು ಅಧಿಕೃತವಾಗಿ ಬಿಟ್ಟುಕೊಂಡ ಮೇಲೆ, ಒಂದೇ ವರ್ಷದಲ್ಲಿ ರಫ್ತು 200 ಕೋಟಿ ಡಾಲರ್ ದಾಟಿತು. ಗಡಿಯಾಚೆ ಬಾಗಿಲು ತೆರೆದ ಸದ್ದು ಈ ಬೆಟ್ಟದೂರಿನ ಹೊಲಕ್ಕೂ ಕೇಳಿಸುತ್ತದೆ.

ನನ್ನ ಜೊತೆ ದುಭಾಷಿಯಾಗಿ ಬಂದಿದ್ದವಳು ಕಾಲೇಜು ಹುಡುಗಿ. ನನ್ನನ್ನು 'ಬಾಕ್' ಎಂದು ಕರೆಯುತ್ತಿದ್ದಳು. ಅಪ್ಪನಿಗಿಂತ ಹಿರಿಯರನ್ನು ಹಾಗೆ ಕರೆಯುತ್ತಾರಂತೆ. ನಮ್ಮ ದೊಡ್ಡಪ್ಪ ಇದ್ದ ಹಾಗೆ. ಗುರುತಿಲ್ಲದವರನ್ನೂ ಅಣ್ಣ, ಅಕ್ಕ, ಚಿಕ್ಕಪ್ಪ ಎಂದೇ ಮಾತಾಡಿಸುವ ನಾಡು ಅದು. ಆ ಒಂದು ಪದಕ್ಕೇ ನನಗೆ ಅರ್ಧ ಪರದೇಶ ಮರೆತುಹೋಯಿತು.

ಮಧ್ಯಾಹ್ನ ಊಟವಾದ ಮೇಲೆ ಯಜಮಾನರು ಬೀರುವಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕೆಂಪು ರಟ್ಟಿನ ಪುಸ್ತಕ ತಂದರು. ಎರಡೂ ಕೈಯಲ್ಲಿ ಹಿಡಿದು ತಂದರು, ನಮ್ಮಲ್ಲಿ ದೇವರ ಪ್ರಸಾದ ಹಿಡಿಯುವ ಹಾಗೆ. ಅದರ ಹೆಸರು 'ಸೋ ದೋ', ಕೆಂಪು ಪುಸ್ತಕ. ಜಮೀನಿನ ಹಕ್ಕುಪತ್ರ. ಒಳಗೆ ತೋಟದ ನಕಾಶೆ, ಅಳತೆ, ಅವರ ಹೆಸರು. ಭೂಮಿ ಇಂದಿಗೂ ಕಾನೂನಿನ ಪ್ರಕಾರ ಇಡೀ ಜನತೆಯದು, ಸರ್ಕಾರ ಅದರ ಮೇಲ್ವಿಚಾರಕ. ಆದರೆ 1993ರ ಭೂ ಕಾಯಿದೆ ಬಂದ ಮೇಲೆ ಬಳಸುವ ಹಕ್ಕು ಮನೆಯವರದು. ಆ ಕಾಯಿದೆಯಲ್ಲಿ ಭತ್ತದಂಥ ಬೆಳೆಯ ಗದ್ದೆಗೆ 20 ವರ್ಷ, ಕಾಫಿಯಂಥ ಬಹುವಾರ್ಷಿಕ ಬೆಳೆಗೆ 50 ವರ್ಷ ಎಂದಿತ್ತು. ಮಕ್ಕಳಿಗೆ ಬಿಡಬಹುದು, ಪರಭಾರೆ ಮಾಡಬಹುದು, ಬ್ಯಾಂಕಿನಲ್ಲಿ ಅಡವಿಡಬಹುದು. "ಇದು ಸಿಕ್ಕ ವರ್ಷ ಬಾವಿ ತೋಡಿಸಿದೆ" ಎಂದರು. ಅವರ ತೋಟದ ಇತಿಹಾಸವೆಲ್ಲ ಆ ಒಂದು ಮಾತಿನಲ್ಲಿದೆ ಅನ್ನಿಸಿತು. ತನ್ನದಲ್ಲದ ನೆಲದಲ್ಲಿ ಯಾರು ಬಾವಿ ತೋಡುತ್ತಾರೆ?

ಈ ಕೆಂಪು ಬಸಾಲ್ಟ್ ಮಣ್ಣಿನಲ್ಲಿ ಕಾಫಿ ಹಬ್ಬಿದ ಕಥೆಯೇ ಒಂದು ವಿಸ್ಮಯ. ಫ್ರೆಂಚ್ ಪಾದ್ರಿಗಳು 1857ರಲ್ಲಿ ಈ ದೇಶಕ್ಕೆ ಕಾಫಿ ತಂದರು. ಅದು ಬಹುಕಾಲ ಸಣ್ಣ ಬೆಳೆಯಾಗಿಯೇ ಉಳಿಯಿತು. 1977ರಲ್ಲಿ ಜಗತ್ತಿನಲ್ಲೆಲ್ಲ ಕಾಫಿ ದುಬಾರಿಯಾದಾಗ ಪೂರ್ವ ಜರ್ಮನಿಯ ಬಳಿ ಕೊಳ್ಳಲು ಡಾಲರ್ ಇರಲಿಲ್ಲ. ಅವರು 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡು ಲಾರಿ, ಯಂತ್ರ, ತಜ್ಞರನ್ನು ಈ ಗುಡ್ಡಗಳಿಗೆ ಕಳಿಸಿದರು. ಬದಲಿಗೆ ಫಸಲಿನಲ್ಲಿ ಪಾಲು. ಗಿಡ ನೆಟ್ಟು, ಬೆಳೆಸಿ, ಫಸಲು ಕೈಗೆ ಬರುವ ಹೊತ್ತಿಗೆ 1990 ಬಂತು, ಪೂರ್ವ ಜರ್ಮನಿ ಎಂಬ ದೇಶವೇ ಇಲ್ಲವಾಯಿತು. ತೋಟ ಮಾತ್ರ ಉಳಿಯಿತು. ಅಷ್ಟರಲ್ಲಿ ವಿಯೆಟ್ನಾಂ ತನ್ನ ರೈತರ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿತ್ತು. ಆ ಶತಮಾನ ಮುಗಿಯುವ ಹೊತ್ತಿಗೆ ಬ್ರೆಜಿಲ್ ನಂತರದ ಸ್ಥಾನ ಅದರದ್ದೇ.

ನಮ್ಮ ಕಾಫಿಯವರಿಗೂ ಆ ದಶಕ ನೆನಪಿರಬೇಕು. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಿ, ಕಂತಿನ ಹಣಕ್ಕೆ ಕಾಯುತ್ತಿದ್ದ ಕಾಲ ಮುಗಿದಿದ್ದೂ 1992ರಿಂದ 1996ರ ನಡುವೆಯೇ. ಎರಡು ದೇಶಗಳ ಬೆಳೆಗಾರರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಮಾರುಕಟ್ಟೆಯ ಬೀದಿಗೆ ಬಂದೆವು, ಒಬ್ಬರ ಮುಖ ಒಬ್ಬರು ನೋಡದೆ.

ಅಲ್ಲಿ ಎಲ್ಲವೂ ಹಸಿರಲ್ಲ. ಬುವೋನ್ ಮಾ ಥುವೋತ್ ಎಂಬ ಹೆಸರಿನ ಅರ್ಥವೇ ಥುವೋತ್‌ನ ಅಪ್ಪನ ಹಳ್ಳಿ ಎಂದು. ಹೆಸರು 'ಎದೆ' ಎಂಬ ಬುಡಕಟ್ಟಿನವರ ಭಾಷೆಯದು. ಅವರ ಉದ್ದನೆಯ ಮರದ ಮನೆಗಳು ಈಗ ಊರಿನ ಅಂಚಿಗೆ ಸರಿದಿವೆ. ಬಯಲುಸೀಮೆಯಿಂದ ಬಂದು ನೆಲೆಸಿದವರು ಕಾಡು ಕಡಿದು ತೋಟ ಮಾಡಿದರು, ಅಲ್ಲೇ ಹುಟ್ಟಿದವರಿಗೆ ನೆಲ ಕಿರಿದಾಯಿತು. 2001ರಲ್ಲಿ ಬುಡಕಟ್ಟು ಜನರು ಬೀದಿಗಿಳಿದಾಗ ಅವರ ದೂರುಗಳಲ್ಲಿ ನೆಲದ ದೂರು ದೊಡ್ಡದಿತ್ತು. ಪಾತಿ ತುಂಬುವ ನೀರೂ ಬಾವಿಯದು, ಅಂತರ್ಜಲ ಇಳಿಯುತ್ತಿದೆ. ನೆರಳಿಲ್ಲದ ತೋಟದಲ್ಲಿ ಹಕ್ಕಿಯ ದನಿಯೂ ವಿರಳ. ನಮ್ಮ ಇಳುವರಿ ಕಡಿಮೆ ನಿಜ, ಆದರೆ ನಮ್ಮ ತೋಟದೊಳಗೆ ಒಂದು ಕಾಡಿದೆ. ಅದನ್ನು ಕಳೆದುಕೊಂಡು ಟನ್ನು ಎಣಿಸುವುದು ನನಗೆ ಒಪ್ಪಿಗೆಯಿಲ್ಲ.

ಅಲ್ಲಿಂದ ವಿಮಾನದಲ್ಲಿ ಹನೋಯ್. ಬಿಸಿಲಿನಿಂದ ಮಂಜಿಗೆ ಇಳಿದಂತಾಯಿತು. ರಸ್ತೆ ದಾಟುವುದೇ ಒಂದು ವಿದ್ಯೆ: ಸಾವಿರಾರು ಬೈಕುಗಳ ಹೊಳೆಯೊಳಗೆ ನಿಧಾನಕ್ಕೆ, ನಿಲ್ಲದೆ ನಡೆದರೆ ಹೊಳೆ ತಾನೇ ಎರಡಾಗುತ್ತದೆ. ಹಳೇ ಪೇಟೆಯಲ್ಲಿ ನಾನು ಉಳಿದಿದ್ದ ಮನೆಯ ಅಜ್ಜಿಗೆ ಎಪ್ಪತ್ತೈದು ದಾಟಿದೆ. ಸಂಜೆ ನನ್ನ ಮುಖ ಸಪ್ಪಗಿದ್ದದ್ದು ನೋಡಿ ಏನೋ ಅಂದರು. ಮೊಮ್ಮಗ ನಗುತ್ತಾ ಅನುವಾದಿಸಿದ: "ಅಕ್ಕಿ ಪುಸ್ತಕ ಕಳೆದುಕೊಂಡವರ ಹಾಗೆ ಯಾಕೆ ಕೂತಿದ್ದೀರಿ ಅಂತ ಕೇಳ್ತಿದ್ದಾರೆ."

ಅದು ಆ ಭಾಷೆಯ ನುಡಿಗಟ್ಟು. ಅಕ್ಕಿ ಪುಸ್ತಕ ಎಂದರೆ ರೇಷನ್ ಪುಸ್ತಕ, 'ಸೋ ಗಾವ್'. 1986ಕ್ಕೆ ಮುಂಚಿನ ವರ್ಷಗಳನ್ನು ಅವರು 'ಬಾವ್ ಕಪ್' ಎನ್ನುತ್ತಾರೆ, ಸರ್ಕಾರವೇ ಎಲ್ಲವನ್ನೂ ಅಳೆದು ಹಂಚುತ್ತಿದ್ದ ಕಾಲ. ಮಾಂಸಕ್ಕೆ ಚೀಟಿ, ಬಟ್ಟೆಗೆ ಚೀಟಿ, ಸೀಮೆಎಣ್ಣೆಗೆ ಚೀಟಿ. ನಸುಕಿನಲ್ಲೇ ಹೋಗಿ ಸಾಲಿನಲ್ಲಿ ಒಂದು ಇಟ್ಟಿಗೆ ಇಟ್ಟು ಬರುವುದು. ಆ ಇಟ್ಟಿಗೆಯೇ ನಿಮ್ಮ ಜಾಗ. ಮಹಡಿ ಮನೆಗಳ ಬಚ್ಚಲಲ್ಲಿ ಹಂದಿ ಸಾಕುತ್ತಿದ್ದರಂತೆ. ಅಜ್ಜಿ ತಮ್ಮ ಇಟ್ಟಿಗೆಗೆ ಸುಣ್ಣದ ಗುರುತು ಹಾಕುತ್ತಿದ್ದರು. ಅದನ್ನು ಹೇಳುವಾಗ ತೋರುಬೆರಳಿನಿಂದ ಮೇಜಿನ ಮೇಲೆ ಅಡ್ಡಗೆರೆ ಎಳೆದು, ಅದರ ಮೇಲೊಂದು ಚುಕ್ಕೆಯಿಟ್ಟರು. ನಲವತ್ತು ವರ್ಷದ ಮೇಲೂ ಬೆರಳಿಗೆ ಆ ಗುರುತು ನೆನಪಿದೆ.

1986ರಲ್ಲಿ ಬೆಲೆಯೇರಿಕೆ ಶೇಕಡಾ 700 ದಾಟಿತ್ತು. ಆ ಡಿಸೆಂಬರಿನಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನ 'ದೋಯ್ ಮೋಯ್' ಘೋಷಿಸಿತು. ಬದಲಿಸಿ ಹೊಸದು ಮಾಡುವುದು ಎಂದು ಅದರರ್ಥ. ಆದರೆ ಬದಲಾವಣೆ ಸಭಾಂಗಣದಲ್ಲಿ ಹುಟ್ಟಿದ್ದಲ್ಲ. 1966ರಲ್ಲೇ ವಿನ್ ಫುಕ್ ಪ್ರಾಂತ್ಯದ ಪಕ್ಷ ಕಾರ್ಯದರ್ಶಿ ಕಿಮ್ ನೊಕ್ ಸಾಮೂಹಿಕ ಗದ್ದೆಗಳನ್ನು ಮನೆಮನೆಗೆ ಗುತ್ತಿಗೆ ಕೊಟ್ಟು ನೋಡಿದ್ದರು. ಅದು ತಪ್ಪೆಂದು ಪಕ್ಷ ನಿಲ್ಲಿಸಿತು. ಮುಂದೆ ನಿಂತು ಟೀಕಿಸಿದವರು ಹಿರಿಯ ನಾಯಕ ತ್ರುವೋಂಗ್ ಚಿನ್. ಕಿಮ್ ನೊಕ್ 1979ರಲ್ಲಿ ತೀರಿಕೊಂಡರು. 1986ರಲ್ಲಿ ಪ್ರಧಾನ ಕಾರ್ಯದರ್ಶಿಯಾಗಿ ಹಳೆಯ ದಾರಿ ತಪ್ಪೆಂದು ಒಪ್ಪಿ ಸುಧಾರಣೆಯ ವರದಿ ಮಂಡಿಸಿದವರು ಅದೇ ತ್ರುವೋಂಗ್ ಚಿನ್. ಎಂಬತ್ತರ ಹತ್ತಿರದ ಮುದುಕ ತನ್ನ ಜೀವನದ ನಂಬಿಕೆಯನ್ನು ತಿದ್ದಿಕೊಂಡದ್ದು ಸಣ್ಣ ಮಾತಲ್ಲ. ದಕ್ಷಿಣದ ಸೈಗಾನಿನಲ್ಲಿ ಇನ್ನೊಂದು ಬಗೆ. ಊರಿಗೆ ಅಕ್ಕಿಯಿಲ್ಲದಾಗ ಬಾ ಥಿ ಎಂಬ ಹೆಣ್ಣುಮಗಳು ಸರ್ಕಾರಿ ದರ ಬಿಟ್ಟು ಮಾರುಕಟ್ಟೆ ದರಕ್ಕೆ ಮೆಕಾಂಗ್ ರೈತರಿಂದ ಅಕ್ಕಿ ಕೊಂಡು ತಂದರು. ನೀವು ಜೈಲಿಗೆ ಹೋದರೆ ಊಟ ನಾನು ತಂದುಕೊಡುತ್ತೇನೆ ಎಂದು ಅಲ್ಲಿನ ಪಕ್ಷದ ಮುಖ್ಯಸ್ಥ ವೋ ವಾನ್ ಕಿಯೆತ್ ಧೈರ್ಯ ಕೊಟ್ಟರೆಂದು ಇಂದಿಗೂ ಹೇಳುತ್ತಾರೆ. ಅವರೇ ಮುಂದೆ ಪ್ರಧಾನಿಯಾದರು. ಇಂಥ ಕೆಲಸಕ್ಕೆ ಅವರ ಭಾಷೆಯಲ್ಲಿ ಬೇಲಿ ಮುರಿಯುವುದು ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದಾಗ ಮುರಿಯದೆ ಇನ್ನೇನು ಮಾಡಬೇಕಿತ್ತು?

1988ರ ಏಪ್ರಿಲ್‌ನಲ್ಲಿ ಪಕ್ಷದ ಹತ್ತನೇ ನಿರ್ಣಯ ಗದ್ದೆಯನ್ನು ಮನೆಯ ಲೆಕ್ಕಕ್ಕೆ ತಂದಿತು. ಆ ವರ್ಷದ ಆರಂಭದಲ್ಲಿ ಉತ್ತರದಲ್ಲಿ ಜನ ಹಸಿದಿದ್ದರು. ಮರುವರ್ಷ, 1989ರಲ್ಲಿ, ಆ ದೇಶ ಸುಮಾರು 14 ಲಕ್ಷ ಟನ್ ಅಕ್ಕಿ ರಫ್ತು ಮಾಡಿತು. ಈ ಸಾಲನ್ನು ಬರೆಯುವಾಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಅದೇ ಮಣ್ಣು, ಅದೇ ಮಳೆ, ಅದೇ ಕೈಗಳು.

ವಿದೇಶಿ ಹಣ ಬಂದದ್ದು ಈ ಅಡಿಪಾಯದ ಮೇಲೆ. ವಿದೇಶಿ ಹೂಡಿಕೆ ಕಾನೂನು 1987ರ ಡಿಸೆಂಬರಿನಲ್ಲೇ ಆಯಿತು, ಆದರೆ ಹಣ ಹರಿಯಲು ಕಾಲ ಹಿಡಿಯಿತು. ಅಮೆರಿಕ ವ್ಯಾಪಾರ ನಿರ್ಬಂಧ ತೆಗೆದದ್ದು 1994ರಲ್ಲಿ, ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ 2007ರಲ್ಲಿ. ಆ ಹಣದ ಮುಖ ನೋಡಲು ನಾನು ಹನೋಯ್‌ನಿಂದ ಬಾಕ್ ನಿನ್‌ಗೆ ಹೋದೆ, ಒಂದು ಗಂಟೆಯ ದಾರಿ. ಜೋಡಿ ಹಾಡುಗಾರರು ಎದುರುಬದುರು ನಿಂತು ಹಾಡುವ ಕ್ವಾನ್ ಹೋ ಎಂಬ ಜಾನಪದ ಗಾಯನಕ್ಕೆ ಹೆಸರಾದ ಸೀಮೆ. ಅಲ್ಲಿನ ಯೆನ್ ಫೋಂಗ್‌ನಲ್ಲಿ ಸ್ಯಾಮ್‌ಸಂಗ್ 2009ರಿಂದ ಫೋನ್ ತಯಾರಿಸುತ್ತಿದೆ. ಆಮೇಲೆ ಥಾಯ್ ನುಯೆನ್‌ನಲ್ಲಿ ಇನ್ನೊಂದು ಕಾರ್ಖಾನೆ. ಆ ದೇಶದಲ್ಲಿ ಅದು ಹೂಡಿದ ಹಣ 2,000 ಕೋಟಿ ಡಾಲರ್‌ಗೂ ಹೆಚ್ಚು.

ಒಳಗೆ ಹೋಗುವ ಉದ್ದೇಶ ನನ್ನದಾಗಿರಲಿಲ್ಲ. ಸಂಜೆಯ ಪಾಳಿ ಬದಲಾಗುವಾಗ ಹೊರಗೆ ನಿಂತೆ. ಬಸ್ಸುಗಳು ಸಾಲುಗಟ್ಟಿ ಬಂದವು. ಇಪ್ಪತ್ತು ಇಪ್ಪತ್ತೆರಡರ ಹುಡುಗಿಯರು, ನಮ್ಮಲ್ಲಿ ಜಾತ್ರೆಗೆ ಹೊರಟವರಂತೆ ನೂರಾರು, ಮತ್ತೂ ನೂರಾರು. ಅವರಲ್ಲಿ ಹಲವರು ಗುಡ್ಡಗಾಡು ಪ್ರಾಂತ್ಯಗಳ ರೈತರ ಮಕ್ಕಳು. ಒಬ್ಬಳ ಬಾಡಿಗೆ ಕೋಣೆ ನೋಡಿದೆ: ಎರಡು ಚಾಪೆ, ಒಂದು ರೈಸ್ ಕುಕ್ಕರ್, ಗೋಡೆಗೆ ತಮ್ಮನ ಶಾಲೆಯ ಫೋಟೊ. ಸಂಬಳದಲ್ಲಿ ಅರ್ಧ ಊರಿಗೆ ಹೋಗುತ್ತದೆ. ಪಾಳಿ ಉದ್ದ, ಕಣ್ಣು ಉರಿಯುತ್ತದೆ, ಮೂವತ್ತರ ನಂತರ ಇದೇ ಕೆಲಸ ಇರುತ್ತದೋ ಗೊತ್ತಿಲ್ಲ ಎಂದಳು. ಆದರೂ ಅವಳು ತಮ್ಮನ ಫೀಸಿನ ರಸೀದಿ ತೋರಿಸಿದಾಗ ಮುಖದಲ್ಲಿದ್ದದ್ದು ಹೆಮ್ಮೆಯೇ.

ದೇಶದ ರಫ್ತಿನಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ವಿದೇಶಿ ಬಂಡವಾಳದ ಕಂಪನಿಗಳದು. ಚಿಪ್, ಬಿಡಿಭಾಗ ಬಹುಪಾಲು ಹೊರಗಿನಿಂದ ಬಂದು, ಅಲ್ಲಿ ಕೂಡಿಕೊಂಡು ಹೊರಗೆ ಹೋಗುತ್ತವೆ. ಅಲ್ಲಿನವರದೇ ಸ್ವಂತ ಕಾರ್ಖಾನೆಗಳ ಪಾಲು ಇನ್ನೂ ಸಣ್ಣದು. ಇದು ಅವರ ಮುಂದಿರುವ ದೊಡ್ಡ ಕೆಲಸ. ಹಾಗೆಂದು ಆದದ್ದನ್ನು ಅಲ್ಲಗಳೆಯಲಾಗದು: 1993ರಲ್ಲಿ ನೂರಕ್ಕೆ 58 ಜನ ಬಡತನದ ರೇಖೆಯ ಕೆಳಗಿದ್ದ ದೇಶ ಅದು. ಬಂದ ಹಣಕ್ಕಿಂತ ಮುಂಚೆ ಬಿಟ್ಟುಕೊಟ್ಟ ಗದ್ದೆ ದೊಡ್ಡದು ಎಂಬುದು ನಾನು ನೋಡಿಕೊಂಡು ಬಂದ ಸತ್ಯ.

ನಮ್ಮ ಬೆಳೆಗಾರರಲ್ಲಿ ಒಂದು ಮಾತು. ಬುವೋನ್ ಮಾ ಥುವೋತ್ ಇರುವ ದಾಕ್ ಲಾಕ್ ಪ್ರಾಂತ್ಯದ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ನಮ್ಮ ರೋಬಸ್ಟಾ ಹಣ್ಣಾಗುವುದು ಅದರ ಹಿಂದೆಯೇ. ಡಿಸೆಂಬರ್ ಮೊದಲ ವಾರ ಹೊರಟರೆ ಅವರ ಕಣ ನೋಡಿ ನಮ್ಮ ಕೊಯ್ಲಿಗೆ ಹಿಂತಿರುಗಬಹುದು. ಒಮ್ಮೆ ಹೋಗಿ ಬನ್ನಿ.