ಸಮ್ಮತಿಯ ಕಾವಲುಗಾರ್ತಿ



ನಾವು ಇಂದು ನಿಶ್ಚಿಂತೆಯಿಂದ ನುಂಗುವ ಗುಳಿಗೆಯನ್ನು ನಮಗಿಂತ ಮೊದಲು ಯಾರೋ ಅಪರಿಚಿತರು ನುಂಗಿ ನೋಡಿರುತ್ತಾರೆ. ಹೊಸ ಔಷಧವು ಪ್ರಯೋಗಶಾಲೆಯಿಂದ ನೇರವಾಗಿ ಅಂಗಡಿಗೆ ಬರುವುದಿಲ್ಲ. ಒಪ್ಪಿ ಮುಂದೆ ಬಂದ ಮನುಷ್ಯರ ಮೇಲೆ ಪರೀಕ್ಷೆ ನಡೆದು, ಅದರ ಗುಣವೆಷ್ಟು, ದೋಷವೆಷ್ಟು ಎಂಬುದು ನಿಶ್ಚಯವಾದ ಬಳಿಕವೇ ಬರುತ್ತದೆ. ಈ ಕಾರ್ಯದಲ್ಲಿ ಸಂಶೋಧಕರ ಹೆಸರು ಲೋಕಕ್ಕೆ ತಿಳಿಯುತ್ತದೆ. ರೋಗಿಯ ಪಕ್ಕದಲ್ಲಿ ನಿಂತ ದಾದಿಯ ಹೆಸರು ತಿಳಿಯುವುದಿಲ್ಲ. ಆಕೆಯ ಕುರಿತು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ನಾನು ಬಸವೇಶ್ವರನಗರದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕ. ಔಷಧ ಪರೀಕ್ಷೆಗಳನ್ನು ಪರಿಶೀಲಿಸುವ ನೀತಿ ಸಮಿತಿಯಲ್ಲಿ ವೈದ್ಯನಲ್ಲದ ಸಾಮಾನ್ಯನೊಬ್ಬನು ಇರಬೇಕೆಂದು ಭಾರತ ಸರ್ಕಾರದ 2019ರ ನಿಯಮಾವಳಿ ವಿಧಿಸುತ್ತದೆ. ಆಸ್ಪತ್ರೆಯೊಂದರ ಸಮಿತಿಯಲ್ಲಿ ಕೆಲಕಾಲ ಆ ಸ್ಥಾನದಲ್ಲಿದ್ದು, ಕನ್ನಡದ ಸಮ್ಮತಿಪತ್ರಗಳನ್ನು ಓದುವ ಹೊಣೆ ನನ್ನದಾಗಿತ್ತು.

ಒಮ್ಮೆ ಸಮಿತಿಯ ಪರವಾಗಿ ನೋಡಲು ಹೋದಾಗ, ಕೆಂಗೇರಿಯ ಕಡೆಯ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬಳು ದಾದಿಯ ಎದುರು ಕುಳಿತಿದ್ದಳು. "ಸಿಸ್ಟರ್, ತಿಳಿದವರು ನೀವು ಹೇಳಿದ ಮೇಲೆ ಇನ್ನೇನು? ಎಲ್ಲಿ ಸಹಿ ಹಾಕಲಿ?" ಎಂದಳು. ದಾದಿ ಲೇಖನಿ ಕೊಡಲಿಲ್ಲ. "ಇಷ್ಟು ಹೊತ್ತು ನಾನು ಹೇಳಿದ್ದನ್ನು ನೀವೊಮ್ಮೆ ಹೇಳಿ, ಅಮ್ಮಾ" ಎಂದರು. "ಹಳೆಯದಕ್ಕಿಂತ ಒಳ್ಳೆಯ ಹೊಸ ಮಾತ್ರೆ ಕೊಡುತ್ತೀರಿ" ಎಂದು ಉತ್ತರ ಬಂದಿತು. "ಒಳ್ಳೆಯದೋ ಅಲ್ಲವೋ ಇನ್ನೂ ಗೊತ್ತಿಲ್ಲ. ಅದನ್ನು ತಿಳಿಯುವುದಕ್ಕೇ ಈ ಪರೀಕ್ಷೆ. ಮನೆಯಲ್ಲಿ ಮಾತಾಡಿಕೊಂಡು ಬನ್ನಿ. ಬೇಡವೆಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ" ಎಂದು ದಾದಿ ಕಾಗದವನ್ನು ಮಡಿಸಿ ಆಕೆಯ ಕೈಗಿತ್ತರು. ಆಕೆ ಕೊನೆಗೆ ಒಪ್ಪಲಿಲ್ಲವೆಂದು ಆಮೇಲೆ ತಿಳಿಯಿತು. ಆ ದಾದಿಯ ಬಗ್ಗೆ ನನ್ನ ಗೌರವ ಹೆಚ್ಚಿತು.

ಸಮ್ಮತಿಯೊಂದಿಗೆ ದಾದಿಯ ಕೆಲಸ ಮುಗಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಔಷಧ ಕೊಡುವುದು, ರಕ್ತ ತೆಗೆಯುವುದು, ಕಂಡದ್ದನ್ನು ಕಂಡಂತೆ ಬರೆದಿಡುವುದು ಇವೆಲ್ಲ ಆಕೆಯ ಪಾಲಿಗೆ ಬರುತ್ತವೆ. ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂಬುದು ಅನೇಕ ಪರೀಕ್ಷೆಗಳಲ್ಲಿ ಆಕೆಗೂ ತಿಳಿದಿರುವುದಿಲ್ಲ. ನಮ್ಮ ಜನ ದಾಕ್ಷಿಣ್ಯದವರು. ವೈದ್ಯರು ಕೇಳಿದರೆ "ಚೆನ್ನಾಗಿದ್ದೇನೆ" ಎನ್ನುತ್ತಾರೆ. ರಾತ್ರಿ ವಾಂತಿಯಾದ ಸಂಗತಿಯನ್ನು ದಾದಿಯ ಕಿವಿಯಲ್ಲಿ ಹೇಳುತ್ತಾರೆ. ಅದು ದಾಖಲೆಗೆ ಬಾರದಿದ್ದರೆ ಮುಂದೆ ಸಾವಿರಾರು ಮಂದಿ ಅದೇ ಬಾಧೆಯನ್ನು ಪಡಬೇಕಾದೀತು. ಗಂಭೀರವಾದ ಅಪಾಯ ಕಂಡುಬಂದರೆ 24 ಗಂಟೆಗಳೊಳಗೆ ವರದಿ ಹೋಗಬೇಕೆಂಬ ನಿಯಮವಿದೆ. ಅದನ್ನು ಮೊದಲು ಗಮನಿಸುವ ಕಣ್ಣು ಬಹುಮಟ್ಟಿಗೆ ಆಕೆಯದೇ.

ಈ ಶ್ರಮದ ಫಲವನ್ನು ನಮ್ಮ ದೇಶವೇ ಕಂಡಿದೆ. ಕ್ಷಯರೋಗಿಗಳನ್ನು ಸ್ಯಾನಟೋರಿಯಮ್ಮಿನಲ್ಲಿಯೇ ಇರಿಸಬೇಕೆಂಬ ನಂಬಿಕೆಯಿದ್ದ ಕಾಲವದು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪರೀಕ್ಷೆಯಲ್ಲಿ 193 ಬಡ ರೋಗಿಗಳ ಪೈಕಿ ಕೆಲವರಿಗೆ ಮನೆಯಲ್ಲಿ, ಉಳಿದವರಿಗೆ ಸ್ಯಾನಟೋರಿಯಮ್ಮಿನಲ್ಲಿ ಒಂದು ವರ್ಷ ಔಷಧ ಕೊಡಲಾಯಿತು. ಆರೋಗ್ಯ ಸಂದರ್ಶಕಿಯರು ಕಿಕ್ಕಿರಿದ ಓಣಿಗಳ ಮನೆಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸಿದರು, ರೋಗಿಗಳಿಗೆ ಧೈರ್ಯ ಹೇಳಿದರು. ಮನೆಯ ಚಿಕಿತ್ಸೆಯೂ ಬಹುಮಟ್ಟಿಗೆ ಅಷ್ಟೇ ಫಲಕಾರಿಯೆಂದು 1959ರಲ್ಲಿ ಪ್ರಕಟವಾಯಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಗೊಂಡಿತು. ರೋಗಿಯನ್ನು ಮನೆಯಲ್ಲಿಯೇ ಇರಿಸಿ ಗುಣಪಡಿಸುವ ರಾಷ್ಟ್ರೀಯ ಕಾರ್ಯಕ್ರಮವು 1962ರಲ್ಲಿ ಮೊದಲಾಯಿತು.

ಕೇಳಿ ತಿಳಿಸುವವರಿಲ್ಲದೆಡೆ ಏನಾಗುವುದೆಂಬುದಕ್ಕೂ ನಿದರ್ಶನವಿದೆ. 2009ರಲ್ಲಿ ಇಂದಿನ ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಹಾಸ್ಟೆಲಿನ ಎಷ್ಟೋ ಬಾಲಕಿಯರ ಪರವಾಗಿ ವಾರ್ಡನ್ನರೇ ಸಹಿ ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. ಲಸಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಆದರೆ ಆ ಮಕ್ಕಳ ತಂದೆತಾಯಿಯರನ್ನು ಕೇಳಬೇಕಾಗಿತ್ತು. ಉಚಿತ ಪ್ರಸಾದನಿಲಯಗಳಲ್ಲಿ ಬೆಳೆದ ನಮಗೆ ಇದರ ಮರ್ಮ ಬೇಗ ತಿಳಿಯಬೇಕು. ಹಿರಿಯರಲ್ಲಿ ವಿಶ್ವಾಸವಿಡುವುದು ನಮ್ಮ ಸಂಸ್ಕಾರ. ಆ ವಿಶ್ವಾಸವನ್ನೇ ಸಮ್ಮತಿಯೆಂದು ಎಣಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಆದುದರಿಂದ ಬಂಧುಗಳೇ, ತಮ್ಮನ್ನಾಗಲಿ ತಮ್ಮ ಮನೆಯವರನ್ನಾಗಲಿ ಇಂತಹ ಪರೀಕ್ಷೆಗೆ ಕರೆದರೆ ಹೆದರಿ ಹಿಂದೆಗೆಯಬೇಡಿರಿ. ಕಣ್ಣುಮುಚ್ಚಿ ಸಹಿಯನ್ನೂ ಹಾಕಬೇಡಿರಿ. ಪತ್ರವನ್ನು ಕನ್ನಡದಲ್ಲಿಯೇ ಕೇಳಿರಿ. ಅಪಾಯವೇನು, ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರ ಹೊಣೆ, ನಡುವೆ ಬಿಟ್ಟುಬರಬಹುದೇ ಎಂದು ವಿಚಾರಿಸಿರಿ. ಓದು ಬಾರದವರ ಜೊತೆಯಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಇರಲೇಬೇಕು. ಇನ್ನು ತಮ್ಮ ಹೆಣ್ಣುಮಕ್ಕಳು, ಸೊಸೆಯಂದಿರು ದಾದಿಯರಾಗಿದ್ದರೆ ಆ ಕಾಯಕವನ್ನು ಕಡಿಮೆಯೆಂದು ಭಾವಿಸದಿರಿ. ತಿಳಿಯದವರಿಗೆ ತಿಳಿಯುವವರೆಗೆ ಹೇಳುವುದು, ಬೇಡವೆಂದವರನ್ನು ಅಷ್ಟೇ ಆದರದಿಂದ ಕಳುಹಿಸಿಕೊಡುವುದು ಸಣ್ಣ ಕೆಲಸವಲ್ಲ.